ಎಂಜಿನ್ ಎಣ್ಣೆ: ಅಗ್ಗ ಯಾವುದು, ದುಬಾರಿ ಯಾವುದು?
ಚಳ್ಳಕೆರೆ, ಮೊಳಕಾಲ್ಮೂರು ಬೇಸಾಯಗಾರರಿಗೆ ಕೆಲವು ಸೂಚನೆಗಳು

ಚಳ್ಳಕೆರೆ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಎಣ್ಣೆ. ಈ ಸೀಮೆಯ ಕೆಂಪು ಮರಳುಗೋಡು ಮಣ್ಣಿನಲ್ಲಿ ಬೆಳೆದ ಶೇಂಗಾ ಮತ್ತು ಅದನ್ನು ಅರೆಯುವ ಗಿರಣಿಗಳು ಊರಿಗೆ ಆ ಹೆಸರನ್ನು ತಂದುಕೊಟ್ಟಿವೆ. ಒಂದು ಹಿಡಿ ಕಾಯಿ ಸುಲಿದು, ಕಾಳನ್ನು ಬೆರಳಿನಲ್ಲಿ ಹಿಸುಕಿ ಮಾಲಿನ ಯೋಗ್ಯತೆ ಹೇಳಬಲ್ಲ ಬೇಸಾಯಗಾರರು ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳ್ಳಿ ಹಳ್ಳಿಯಲ್ಲಿಯೂ ಇದ್ದಾರೆ. ಆದರೆ ಅವರೇ ತಮ್ಮ ಟ್ರ್ಯಾಕ್ಟರು, ಕಾರುಗಳಿಗೆ ಎಂಜಿನ್ ಎಣ್ಣೆ ಕೊಳ್ಳುವಾಗ "ಯಾವುದು ಅಗ್ಗವೋ ಅದನ್ನು ಕೊಡಿ" ಎನ್ನುವುದುಂಟು. ಇಲ್ಲವೇ "ಬೆಲೆ ಹೆಚ್ಚಿದ್ದರೆ ಒಳ್ಳೆಯದೇ ಇರಬೇಕು" ಎಂದು ಹಣ ಕೊಟ್ಟು ಬರುವುದುಂಟು. ಎರಡೂ ಸರಿಯಲ್ಲ. "ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ" ಎಂಬ ಗಾದೆ ಇಲ್ಲಿಗೂ ಒಪ್ಪುತ್ತದೆ.

ಬೆಳೆ ವಿಜ್ಞಾನದ ಪುಟದಲ್ಲಿ ಎಂಜಿನ್ ಎಣ್ಣೆಯ ಮಾತೇಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ. ಈ ಎರಡು ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಕ್ಕೆ ಸೇರಿವೆ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಜೂನ್, ಜುಲೈ ತಿಂಗಳಲ್ಲಿ ಒಂದು ಹದವಾದ ಮಳೆ ಬಿದ್ದರೆ ಕೆಂಪು ನೆಲದಲ್ಲಿ ಬಿತ್ತನೆಯ ಹದ ಉಳಿಯುವುದು ಕೆಲವೇ ದಿನ. ಹಿಂದೆ ಆ ದಿನಗಳಲ್ಲಿ ಎತ್ತು ಸೊರಗಿದ್ದರೆ ಕೂರಿಗೆ ನಿಲ್ಲುತ್ತಿತ್ತು. ಇಂದು ಎಂಜಿನ್ನು ಕೆಟ್ಟರೆ ಬಿತ್ತನೆ ನಿಲ್ಲುತ್ತದೆ. ಊರಿನಲ್ಲಿ ಬಾಡಿಗೆಗೆ ಹೋಗುವ ಒಂದು ಟ್ರ್ಯಾಕ್ಟರು ನಿಂತರೆ ಹತ್ತಾರು ಹೊಲಗಳ ಹದ ಆರಿಹೋಗುತ್ತದೆ. ಆದುದರಿಂದ ಎಣ್ಣೆಯ ಆಯ್ಕೆ ಬೇಸಾಯದ ವಿಷಯವೇ ಆಗಿದೆ.

ಎಣ್ಣೆ ಮಾಡುವ ಕೆಲಸ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದೇಕೆಂಬುದು ಎಲ್ಲರಿಗೂ ತಿಳಿದಿದೆ. ಎಂಜಿನ್ನಿನೊಳಗೂ ಎಣ್ಣೆಯ ಮೊದಲ ಕೆಲಸ ಅದೇ: ಉಜ್ಜಾಡುವ ಎರಡು ಲೋಹಗಳ ನಡುವೆ ತೆಳುವಾದ ಪೊರೆಯಾಗಿ ನಿಂತು ಸವೆತ ತಪ್ಪಿಸುವುದು. ಇದಲ್ಲದೆ ಇನ್ನೂ ಮೂರು ಕೆಲಸಗಳಿವೆ. ಪಿಸ್ಟನ್ನಿನ ಕಾವನ್ನು ಹೊತ್ತು ತಂದು ತಂಪು ಮಾಡುವುದು, ಉರಿದ ಇಂಧನದ ಮಸಿಯನ್ನು ಗಂಟು ಕಟ್ಟಲು ಬಿಡದೆ ತನ್ನಲ್ಲಿ ತೇಲಿಸಿಕೊಂಡಿರುವುದು, ಉರಿಯುವಾಗ ಹುಟ್ಟುವ ಆಮ್ಲಗಳನ್ನು ಶಮನ ಮಾಡಿ ತುಕ್ಕು ತಡೆಯುವುದು. ಈ ಕೆಲಸಗಳಿಗೆಂದೇ ಮೂಲ ಎಣ್ಣೆಗೆ ಹಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಎಣ್ಣೆ "ಹಳತಾಗುವುದು" ಎಂದರೆ ಮುಖ್ಯವಾಗಿ ಈ ರಾಸಾಯನಿಕಗಳು ಖರ್ಚಾಗಿ ಮುಗಿಯುವುದು.

ಇದರಿಂದ ಒಂದು ತಪ್ಪು ಕಲ್ಪನೆ ದೂರವಾಗಬೇಕು. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಹಾಕಿದ ಕೆಲವು ಗಂಟೆಗಳಲ್ಲಿಯೇ ಅದು ಕಪ್ಪಾಗುತ್ತದೆ. ಇದು ಎಣ್ಣೆ ಕೆಟ್ಟಿತೆಂಬುದರ ಗುರುತಲ್ಲ, ಮಸಿಯನ್ನು ಹಿಡಿದುಕೊಳ್ಳುವ ತನ್ನ ಕೆಲಸವನ್ನು ಅದು ಮಾಡುತ್ತಿದೆ ಎಂಬುದರ ಗುರುತು. ಹಾಗೆಯೇ ಬೆರಳುಗಳ ನಡುವೆ ಉಜ್ಜಿ ಮಂದವಾಗಿದೆಯೆಂದು ಮೆಚ್ಚುವುದೂ, ತೆಳುವಾಗಿದೆಯೆಂದು ತಿರಸ್ಕರಿಸುವುದೂ ತಪ್ಪು. ಎಣ್ಣೆಯ ಪರೀಕ್ಷೆ ನಡೆಯಬೇಕಾದದ್ದು ಎಂಜಿನ್ನಿನ ಕಾವಿನಲ್ಲಿ. ಅಂಗೈಯ ಕಾವಿನಲ್ಲಿ ಅಲ್ಲ.

ಹರಳೆಣ್ಣೆ, ಶೇಂಗಾ ಎಣ್ಣೆ ಆಗದೇ?

ನಮ್ಮ ಹೊಲದಲ್ಲಿಯೇ ಬೆಳೆಯುವ ಎಣ್ಣೆ ಎಂಜಿನ್ನಿಗೆ ಏಕಾಗದು ಎಂಬ ಪ್ರಶ್ನೆ ಸಹಜವಾದುದು. 1900ರಲ್ಲಿ ಪ್ಯಾರಿಸ್ ನಗರದ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದನ್ನು ಶೇಂಗಾ ಎಣ್ಣೆಯಿಂದಲೇ ಓಡಿಸಿ ತೋರಿಸಿದ್ದರು. ಆದರೆ ಅಲ್ಲಿ ಅದು ಉರುವಲಾಗಿ ಬಳಕೆಯಾಯಿತು, ಕೀಲೆಣ್ಣೆಯಾಗಿ ಅಲ್ಲ. ಹರಳೆಣ್ಣೆಯಾದರೋ ಮೊದಲನೆಯ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳಿಗೆ ಕೀಲೆಣ್ಣೆಯಾಗಿತ್ತು. 1909ರಲ್ಲಿ ಬಂದ ಕ್ಯಾಸ್ಟ್ರಾಲ್ ಎಂಬ ಹೆಸರು ಹರಳಿನ ಇಂಗ್ಲಿಷ್ ಹೆಸರಿನಿಂದಲೇ ಹುಟ್ಟಿದ್ದು. ಆದರೆ ಸಸ್ಯದ ಎಣ್ಣೆಗಳು ಕಾವಿನಲ್ಲಿ ಗಾಳಿಯ ಆಮ್ಲಜನಕದೊಡನೆ ಬೆರೆತು ಅಂಟಾಗುತ್ತವೆ. ಬಾಣಲೆಯ ಅಂಚಿಗೆ ಹಿಡಿಯುವ ಜಿಗುಟನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಂದಿನ ಎಂಜಿನ್ನುಗಳನ್ನು ಮತ್ತೆ ಮತ್ತೆ ಬಿಚ್ಚಿ ತೊಳೆಯುತ್ತಿದ್ದರು. ಇಂದಿನ ಎಂಜಿನ್ನು ಸಾವಿರಾರು ಗಂಟೆ ಬಿಚ್ಚದೆ ನಡೆಯಬೇಕು. ಆದುದರಿಂದ ಇಂತಹ ಎಣ್ಣೆಗಳನ್ನು ಎಂಜಿನ್ನಿಗೆ ಹಾಕಬಾರದು, ಬೆರಕೆಯಾಗಿಯೂ ಸೇರಿಸಬಾರದು.

ಡಬ್ಬಿಯ ಮೇಲಿನ ಅಂಕಿ ಮತ್ತು ಅಕ್ಷರ

ಎಣ್ಣೆಯ ಡಬ್ಬಿಯ ಮೇಲೆ ಎರಡು ಗುರುತುಗಳನ್ನು ಹುಡುಕಬೇಕು. ಉಳಿದ ಚಿತ್ರ, ಬಣ್ಣ, ಹೊಗಳಿಕೆಗಳನ್ನು ಬಿಟ್ಟುಬಿಡಬಹುದು.

ಮೊದಲನೆಯದು ಸ್ನಿಗ್ಧತೆಯ, ಅಂದರೆ ಮಂದತನದ ಗುರುತು. ಇದನ್ನು ಎಸ್.ಎ.ಇ. ಎಂಬ ಅಕ್ಷರಗಳ ಮುಂದೆ 15ಡಬ್ಲ್ಯು-40, 20ಡಬ್ಲ್ಯು-40, 5ಡಬ್ಲ್ಯು-30 ಎಂಬಂತೆ ಮುದ್ರಿಸಿರುತ್ತಾರೆ. ಡಬ್ಲ್ಯು ಎಂಬ ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ಎಣ್ಣೆ ಕೊರೆಯುವ ಚಳಿಯಲ್ಲಿಯೂ ಬೇಗ ಹರಿಯುತ್ತದೆ. 15ಡಬ್ಲ್ಯು ಎಣ್ಣೆಯನ್ನು ಎಂಜಿನ್ ತಿರುಗಿಸುವ ಪರೀಕ್ಷೆಗೆ ಒಡ್ಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ನಾಯಕನಹಟ್ಟಿಯಲ್ಲಾಗಲಿ ರಾಂಪುರದಲ್ಲಾಗಲಿ ನೀರು ಹೆಪ್ಪುಗಟ್ಟುವ ಚಳಿ ಬರುವುದಿಲ್ಲ. ಆದುದರಿಂದ ಕೈಪಿಡಿಯಲ್ಲಿ 15ಡಬ್ಲ್ಯು ಅಥವಾ 20ಡಬ್ಲ್ಯು ಎಂದಿರುವ ಟ್ರ್ಯಾಕ್ಟರಿಗೆ ಚಳಿಯ ಹೆಸರಿನಲ್ಲಿ ಹೆಚ್ಚು ಬೆಲೆಯ 5ಡಬ್ಲ್ಯು ಎಣ್ಣೆ ಕೊಳ್ಳಬೇಕಾಗಿಲ್ಲ.

ಕೊನೆಯ ಅಂಕಿ ಕಾದ ಎಂಜಿನ್ನಿನಲ್ಲಿ ಎಣ್ಣೆಯ ಮಂದತನವನ್ನು ಸೂಚಿಸುತ್ತದೆ. 40 ಎಂದರೆ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಆ ಎಣ್ಣೆಯ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ ಒಳಗಿರಬೇಕು. ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಕೈಪಿಡಿಯಲ್ಲಿ ಹೇಳಿರುವುದು ಈ 40ರ ಎಣ್ಣೆಯನ್ನೇ.

ಎರಡನೆಯದು ಗುಣಮಟ್ಟದ ಗುರುತು. ಎ.ಪಿ.ಐ. ಎಂಬ ಅಕ್ಷರಗಳ ಮುಂದೆ ಡೀಸೆಲ್ ಎಂಜಿನ್ನಿನ ಎಣ್ಣೆಗೆ ಸಿಎಫ್-4, ಸಿಎಚ್-4, ಸಿಐ-4, ಸಿಕೆ-4 ಎಂದೂ, ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ ಎಸ್‌ಎಲ್, ಎಸ್‌ಎನ್, ಎಸ್‌ಪಿ ಎಂದೂ ಇರುತ್ತದೆ. ಮೊದಲ ಅಕ್ಷರ ಎಂಜಿನ್ನಿನ ಜಾತಿಯನ್ನು ಹೇಳುತ್ತದೆ, ಎರಡನೆಯದು ತಲೆಮಾರನ್ನು. ವರ್ಣಮಾಲೆಯಲ್ಲಿ ಮುಂದೆ ಬರುವ ಅಕ್ಷರವಿದ್ದಷ್ಟೂ ಎಣ್ಣೆ ಹೊಸ ತಲೆಮಾರಿನದು. ಸಾಮಾನ್ಯವಾಗಿ ಸಿಎಫ್-4 ಬೇಕೆಂದಿರುವಲ್ಲಿ ಸಿಐ-4 ಹಾಕಬಹುದು; ಸಿಐ-4 ಬೇಕೆಂದಿರುವಲ್ಲಿ ಸಿಎಫ್-4 ಹಾಕಬಾರದು.

ಮಂದತನವೂ ಗುಣಮಟ್ಟವೂ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಒಂದೇ 20ಡಬ್ಲ್ಯು-40 ಎಂಬ ಅಂಕಿಯಲ್ಲಿ ಹಳೆಯ ತಲೆಮಾರಿನ ಎಣ್ಣೆಯೂ ಸಿಗುತ್ತದೆ, ಹೊಸ ತಲೆಮಾರಿನದೂ ಸಿಗುತ್ತದೆ. ಅಂಗಡಿಯಲ್ಲಿ ಅಂಕಿಯನ್ನಷ್ಟೇ ಕೇಳಿ ಡಬ್ಬಿ ತರುವವರು ಮೋಸಹೋಗುವುದು ಇಲ್ಲಿಯೇ.

ಯಾವ ಗಾಡಿಗೆ ಯಾವ ಎಣ್ಣೆ?

ಇದಕ್ಕೆ ಉತ್ತರ ಗಾಡಿಯೊಡನೆ ಬಂದ ಕೈಪಿಡಿಯಲ್ಲಿದೆ. ಕೈಪಿಡಿ ಕಳೆದಿದ್ದರೆ ಮಾರಾಟಗಾರರಿಂದ ಮತ್ತೊಂದನ್ನು ಕೇಳಿ ಪಡೆಯಿರಿ. ತಿಳಿವಳಿಕೆಗಾಗಿ ಕೆಲವು ಮಾತುಗಳನ್ನು ಇಲ್ಲಿ ಹೇಳಬಹುದು.

1. ಸಾಮಾನ್ಯ ಟ್ರ್ಯಾಕ್ಟರು: 50 ಅಶ್ವಶಕ್ತಿಯೊಳಗಿನ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ಮಂದತನದ, ಕೈಪಿಡಿ ಹೇಳಿದ ಗುಣಮಟ್ಟದ ಖನಿಜ ಎಣ್ಣೆ ಸಾಕು.

2. ಹೊಸ ದೊಡ್ಡ ಟ್ರ್ಯಾಕ್ಟರು: 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಸ ಹೊಗೆ ನಿಯಮ ಜಾರಿಯಲ್ಲಿದೆ. ಹೊಗೆಯ ಮಸಿ ಹಿಡಿಯುವ ಜರಡಿ ಇರುವ ಎಂಜಿನ್ನಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಹಳೆಯ ಬಗೆಯ ಎಣ್ಣೆ ಹಾಕಿದರೆ ಅದರ ಬೂದಿಯಿಂದ ಜರಡಿ ಕಟ್ಟಿಕೊಳ್ಳುತ್ತದೆ.

3. ಕಾರು: 2020ರ ಏಪ್ರಿಲ್ 1ರಿಂದ ಭಾರತ್ ಹಂತ 6ರ ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳಿಗೂ ಮೇಲಿನ ಮಾತೇ ಅನ್ವಯಿಸುತ್ತದೆ. ಹೊಸ ಪೆಟ್ರೋಲ್ ಕಾರುಗಳಲ್ಲಿ ಕೆಲವಕ್ಕೆ 0ಡಬ್ಲ್ಯು-20, 0ಡಬ್ಲ್ಯು-16ರಂತಹ ಬಹಳ ತೆಳುವಾದ ಎಣ್ಣೆಯನ್ನು ಹೇಳಿರುತ್ತಾರೆ. ಬಿಸಿಲು ಹೆಚ್ಚೆಂಬ ಕಾರಣಕ್ಕೆ ಇವಕ್ಕೆ ಟ್ರ್ಯಾಕ್ಟರಿನ ಮಂದವಾದ ಎಣ್ಣೆ ಹಾಕಬಾರದು. ಆ ಎಂಜಿನ್ನಿನ ಎಣ್ಣೆಯ ದಾರಿಗಳೂ ಕೀಲಿನ ಸಂದುಗಳೂ ತೆಳುವಾದ ಎಣ್ಣೆಗೆ ತಕ್ಕಂತೆಯೇ ರಚಿತವಾಗಿವೆ.

4. ಮೋಟಾರು ಸೈಕಲ್: ಹೆಚ್ಚಿನವುಗಳ ಕ್ಲಚ್ಚು ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಕಾರಿಗೆ ತಂದು ಉಳಿದ ಎಣ್ಣೆ ಹಾಕಿದರೆ ಕ್ಲಚ್ಚು ಜಾರಬಹುದು.

5. ಟ್ರ್ಯಾಕ್ಟರಿನ ಗೇರು ಪೆಟ್ಟಿಗೆ: ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿರುವ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬೇರೆಯೇ ಎಣ್ಣೆಯಿದೆ. ಅಲ್ಲಿಗೆ ಎಂಜಿನ್ ಎಣ್ಣೆ ಸಲ್ಲದು.

ಒಂದೇ ಡಬ್ಬಿಯಿಂದ ಮನೆಯ ಎಲ್ಲ ಗಾಡಿಗಳಿಗೂ ಸುರಿಯುವುದು ಉಳಿತಾಯದ ದಾರಿಯಲ್ಲ.

ಅಗ್ಗದ ಲೆಕ್ಕ

ಬಿತ್ತನೆ ಬೀಜದ ಖರ್ಚನ್ನು ನೀವು ಎಕರೆಗೆ ಲೆಕ್ಕ ಹಾಕುತ್ತೀರಿ. ಎಣ್ಣೆಯ ಖರ್ಚನ್ನೂ ಹಾಗೆಯೇ ಕೆಲಸದ ಗಂಟೆಗೆ ಲೆಕ್ಕ ಹಾಕಬೇಕು, ಲೀಟರಿಗೆ ಅಲ್ಲ. ಒಂದು ಉದಾಹರಣೆ ನೋಡೋಣ. ಇಲ್ಲಿನ ದರಗಳು ಲೆಕ್ಕ ತಿಳಿಯಲೆಂದು ಹಿಡಿದವು. ನಿಮ್ಮ ಅಂಗಡಿಯ ದರವನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಿ. ಎಂಜಿನ್ನು 8 ಲೀಟರ್ ಎಣ್ಣೆ ಹಿಡಿಯುತ್ತದೆ, ಕೈಪಿಡಿಯಂತೆ 250 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕು ಎಂದಿರಲಿ.

ಕೈಪಿಡಿ ಹೇಳಿದ ಗುಣಮಟ್ಟದ ಖನಿಜ ಎಣ್ಣೆ ಲೀಟರಿಗೆ 250 ರೂಪಾಯಿ. ಒಟ್ಟು 2,000 ರೂಪಾಯಿ. ಗಂಟೆಗೆ 8 ರೂಪಾಯಿ.

ಪೀಪಾಯಿಯಿಂದ ಅಳೆದು ಕೊಡುವ ಬಿಡಿ ಎಣ್ಣೆ ಲೀಟರಿಗೆ 160 ರೂಪಾಯಿ. ಒಟ್ಟು 1,280 ರೂಪಾಯಿ. ಗುಣಮಟ್ಟ ತಿಳಿಯದ್ದರಿಂದ 100 ಗಂಟೆಗೇ ಬದಲಿಸಿದಿರಿ ಎಂದುಕೊಂಡರೆ ಗಂಟೆಗೆ 12 ರೂಪಾಯಿ 80 ಪೈಸೆ.

ಕೃತಕ, ಅಂದರೆ ಸಿಂಥೆಟಿಕ್ ಎಣ್ಣೆ ಲೀಟರಿಗೆ 600 ರೂಪಾಯಿ. ಒಟ್ಟು 4,800 ರೂಪಾಯಿ. ಕೈಪಿಡಿಯ ಪ್ರಕಾರ 250 ಗಂಟೆಗೇ ಬದಲಿಸಬೇಕಾದ್ದರಿಂದ ಗಂಟೆಗೆ 19 ರೂಪಾಯಿ 20 ಪೈಸೆ.

ಬಿಡಿ ಎಣ್ಣೆ ಕೊಳ್ಳುವಾಗ ಅಗ್ಗ, ಬಳಸುವಾಗ ದುಬಾರಿ. ಸಿಂಥೆಟಿಕ್ ಎಣ್ಣೆ ಒಳ್ಳೆಯದೇ ಆದರೂ ಅದನ್ನು ಕೇಳದ ಎಂಜಿನ್ನಿಗೆ ಅದರ ಹೆಚ್ಚಿನ ಗುಣದ ಫಲ ನಿಮ್ಮ ಕೈಗೆ ಬರುವುದಿಲ್ಲ. ಅಗ್ಗದ್ದೆಂದರೆ ಮೊದಲನೆಯದು.

ಈ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ. ಅದೇ ಒಳ್ಳೆಯ ಎಣ್ಣೆಯನ್ನು 250ಕ್ಕೆ ಬದಲಾಗಿ 400 ಗಂಟೆ ಓಡಿಸಿದರೆ ಗಂಟೆಗೆ 5 ರೂಪಾಯಿ ಬೀಳುತ್ತದೆ. ಅಂದರೆ 3 ರೂಪಾಯಿ ಉಳಿಯಿತು. ವರ್ಷಕ್ಕೆ 600 ಗಂಟೆ ದುಡಿಯುವ ಟ್ರ್ಯಾಕ್ಟರಿಗೆ ಇದು 1,800 ರೂಪಾಯಿ. ಅದೇ ಟ್ರ್ಯಾಕ್ಟರು ಗಂಟೆಗೆ 5 ಲೀಟರ್ ಡೀಸೆಲ್ ಕುಡಿದರೆ, ಲೀಟರಿಗೆ 90 ರೂಪಾಯಿ ಹಿಡಿದರೂ, ಗಂಟೆಗೆ 450 ರೂಪಾಯಿ ಆಗುತ್ತದೆ. ನಾನೂರೈವತ್ತರ ಮುಂದೆ ಮೂರು ರೂಪಾಯಿಯ ಉಳಿತಾಯಕ್ಕಾಗಿ, ಬಿಚ್ಚಿ ಕಟ್ಟಲು ಹತ್ತಾರು ಸಾವಿರ ರೂಪಾಯಿ ಬೇಡುವ ಎಂಜಿನ್ನನ್ನು ಪಣಕ್ಕೆ ಒಡ್ಡಿದಂತಾಯಿತು. ಬಿತ್ತನೆ ತಪ್ಪಿದ ನಷ್ಟ ಇದರಲ್ಲಿ ಸೇರಿಲ್ಲ.

ಕಾರಿನ ಲೆಕ್ಕವೂ ಹೀಗೆಯೇ. ಲೀಟರಿಗೆ 400 ರೂಪಾಯಿಯ 3.5 ಲೀಟರ್ ಎಣ್ಣೆಗೆ 1,400 ರೂಪಾಯಿ. 10,000 ಕಿಲೋಮೀಟರಿಗೆ ಬದಲಿಸಿದರೆ ಕಿಲೋಮೀಟರಿಗೆ 14 ಪೈಸೆ, 5,000ಕ್ಕೇ ಬದಲಿಸಿದರೆ 28 ಪೈಸೆ. ಕಾರಿನ ಕೈಪಿಡಿಗಳಲ್ಲಿ ಸಾಮಾನ್ಯವಾಗಿ "ಕಠಿಣ ಬಳಕೆ" ಎಂಬ ಬೇರೆ ಪಟ್ಟಿ ಇರುತ್ತದೆ. ಧೂಳಿನ ರಸ್ತೆ, ಮನೆಯಿಂದ ಹೊಲಕ್ಕೆ ಮತ್ತೆ ಮತ್ತೆ ಸಣ್ಣ ಓಡಾಟ ಇವೆಲ್ಲ ಆ ಪಟ್ಟಿಗೇ ಸೇರುತ್ತವೆ. ಪರಶುರಾಂಪುರ, ತಳಕು, ದೇವಸಮುದ್ರದ ಹಳ್ಳಿ ದಾರಿಗಳಲ್ಲಿ ದಿನವೂ ಓಡುವ ಕಾರಿನವರು ಆ ಪಟ್ಟಿಯನ್ನೇ ಅನುಸರಿಸಬೇಕು.

ನಮ್ಮ ಸೀಮೆಯ ದೊಡ್ಡ ಶತ್ರು: ಧೂಳು

ಎಂತಹ ಎಣ್ಣೆ ಕೊಂಡರೂ ಅದನ್ನು ಕೆಡಿಸುವ ವಸ್ತು ನಮ್ಮ ಗಾಳಿಯಲ್ಲಿಯೇ ಇದೆ. ಮೇ ತಿಂಗಳ ಮಾಗಿ ಉಳುಮೆ, ಒಣ ನೆಲದಲ್ಲಿ ರೋಟವೇಟರ್, ಕಟಾವಾದ ಮೇಲೆ ಶೇಂಗಾ ಕಾಯಿ ಬಿಡಿಸುವ ಯಂತ್ರ, ಇವೆಲ್ಲ ಕೆಂಪು ಧೂಳನ್ನು ಎಬ್ಬಿಸುವ ಕೆಲಸಗಳು. ಈ ಧೂಳಿನಲ್ಲಿರುವ ಬೆಣಚಿನ ಕಣ ಗಡಸುತನದ ಅಳತೆಯಲ್ಲಿ 7ನೆಯ ಸ್ಥಾನದ್ದು. ಸಾಮಾನ್ಯ ಉಕ್ಕಿಗಿಂತ ಗಡಸು. ಅದು ಗಾಳಿಯ ದಾರಿಯಿಂದ ಎಂಜಿನ್ನಿಗೆ ನುಗ್ಗಿ ಎಣ್ಣೆಯೊಡನೆ ಬೆರೆತರೆ, ಎಣ್ಣೆಯೇ ಸಾಣೆಯ ಮಣ್ಣಿನಂತೆ ಲೋಹವನ್ನು ತಿನ್ನುತ್ತದೆ. ಆಗ 250 ರೂಪಾಯಿಯ ಎಣ್ಣೆಗೂ 600 ರೂಪಾಯಿಯ ಎಣ್ಣೆಗೂ ವ್ಯತ್ಯಾಸ ಉಳಿಯುವುದಿಲ್ಲ.

ಆದುದರಿಂದ ನಮ್ಮ ಭಾಗದಲ್ಲಿ ಎಣ್ಣೆಯ ಉಳಿತಾಯ ಆರಂಭವಾಗುವುದು ಗಾಳಿ ಶೋಧಕದಿಂದ. ಎಣ್ಣೆ ಬಟ್ಟಲಿನ ಶೋಧಕವಿದ್ದರೆ ಧೂಳಿನ ಕೆಲಸದ ದಿನಗಳಲ್ಲಿ ಪ್ರತಿದಿನ ಬಟ್ಟಲನ್ನು ಬಿಚ್ಚಿ ನೋಡಿ. ತಳದಲ್ಲಿ ಕೆಸರು ಕೂತಿದ್ದರೆ ತೊಳೆದು ಹೊಸ ಎಣ್ಣೆಯನ್ನು ಗುರುತಿನವರೆಗೆ ಮಾತ್ರ ತುಂಬಿ. ಗುರುತು ಮೀರಿದರೆ ಎಣ್ಣೆ ಎಂಜಿನ್ನಿನೊಳಕ್ಕೆ ಸೆಳೆದುಹೋಗುವ ಅಪಾಯವಿದೆ. ಒಣ ಶೋಧಕವನ್ನು ಕಲ್ಲಿಗೆ ಕುಟ್ಟಬಾರದು. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಹೊಡೆಯಬೇಕು. ಶೋಧಕದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಬಿರುಕು, ಸಡಿಲಾದ ಪಟ್ಟಿಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿ. ಅಲ್ಲಿಂದ ನುಗ್ಗುವ ಧೂಳಿಗೆ ಶೋಧಕವೇ ಅಡ್ಡ ಬರುವುದಿಲ್ಲ.

ಕೊಳ್ಳುವಾಗ ಗಮನಿಸಬೇಕಾದುವು

ಇಂಡಿಯನ್ ಆಯಿಲ್ ಸಂಸ್ಥೆಯ ಸರ್ವೋ, ಭಾರತ್ ಪೆಟ್ರೋಲಿಯಂನ ಮ್ಯಾಕ್, ಹಿಂದೂಸ್ಥಾನ್ ಪೆಟ್ರೋಲಿಯಂನ ಎಚ್.ಪಿ. ಎಣ್ಣೆಗಳೂ ಅನೇಕ ಖಾಸಗಿ ಕಂಪನಿಗಳ ಎಣ್ಣೆಗಳೂ ಪೇಟೆಯಲ್ಲಿ ದೊರೆಯುತ್ತವೆ. ಒಂದೇ ಮಂದತನ, ಒಂದೇ ಗುಣಮಟ್ಟದ ಗುರುತಿರುವ ಎರಡು ಹೆಸರಾಂತ ಕಂಪನಿಗಳ ಎಣ್ಣೆಗಳಲ್ಲಿ ಬೆಲೆ ಕಡಿಮೆಯದನ್ನು ಧೈರ್ಯವಾಗಿ ಕೊಳ್ಳಬಹುದು. ನಿಜವಾದ ಉಳಿತಾಯ ಇರುವುದು ಇಲ್ಲಿಯೇ. ಆದರೆ ಖಾತರಿಯ ಅವಧಿಯಲ್ಲಿರುವ ಗಾಡಿಗೆ ಖಾತರಿಯ ಕರಾರನ್ನು ಓದಿಕೊಂಡು ನಡೆಯಿರಿ.

ಡಬ್ಬಿಯ ಮೇಲೆ ತಯಾರಕರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆ ಇರಲೇಬೇಕು. ಮುಚ್ಚಳದ ಉಂಗುರ ಒಡೆದಿರಬಾರದು, ಒಳಗಿನ ಬೆಸುಗೆ ಹಾಳೆ ಕಿತ್ತಿರಬಾರದು. ಬಿಲ್ಲು ಪಡೆದು ಅದರಲ್ಲಿ ಎಣ್ಣೆಯ ಪೂರ್ಣ ಹೆಸರು ಬರೆಸಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಈ ಬಿಲ್ಲೇ ಆಧಾರ. ಖಾಲಿ ಡಬ್ಬಿಗೆ ತೂತು ಮಾಡಿ ಆಮೇಲೆ ಗುಜರಿಗೆ ಹಾಕಿ. ಇಲ್ಲವಾದರೆ ಅದೇ ಡಬ್ಬಿ ಕಲಬೆರಕೆ ತುಂಬಿಕೊಂಡು ಮತ್ತೆ ನಿಮ್ಮ ಮನೆಗೇ ಬರಬಹುದು.

ಬದಲಾಯಿಸುವ ಕ್ರಮ

ಟ್ರ್ಯಾಕ್ಟರಿನ ಎಣ್ಣೆಯನ್ನು ಗಂಟೆ ಗಡಿಯಾರ ನೋಡಿ ಬದಲಿಸಿ. ಅದು ಕೆಟ್ಟಿದ್ದರೆ ಮೊದಲು ಅದನ್ನು ಸರಿಪಡಿಸಿ. ಬಿತ್ತನೆಯ ನಡುವೆ ಅವಧಿ ಮುಗಿಯುವಂತಿದ್ದರೆ ಮಳೆಗೆ ಮುಂಚೆಯೇ, ಮೇ ಕೊನೆಯಲ್ಲಿ, ಬದಲಿಸಿಬಿಡುವುದು ಉತ್ತಮ. ಎಂಜಿನ್ನು ಬಿಸಿಯಿರುವಾಗ, ಸಮತಟ್ಟಾದ ನೆಲದಲ್ಲಿ ಹಳೆಯ ಎಣ್ಣೆಯನ್ನು ಪೂರ್ತಿ ಬಸಿಯಬೇಕು. ಎಣ್ಣೆ ಶೋಧಕವನ್ನೂ ಜೊತೆಗೇ ಬದಲಿಸಬೇಕು. ಹೊಸ ಎಣ್ಣೆಯನ್ನು ಅಳತೆ ಕಡ್ಡಿಯ ಎರಡು ಗೆರೆಗಳ ನಡುವೆ ನಿಲ್ಲುವಂತೆ ತುಂಬಿ.

ಪ್ರತಿದಿನ ಬೆಳಗ್ಗೆ ಎಂಜಿನ್ನು ಹಚ್ಚುವ ಮೊದಲು ಅಳತೆ ಕಡ್ಡಿ ಎಳೆದು ನೋಡುವುದಕ್ಕೆ ಅರ್ಧ ನಿಮಿಷ ಸಾಕು. ಮಟ್ಟ ಇಳಿದಿದ್ದರೆ ಎಣ್ಣೆ ಸೋರುತ್ತಿದೆ ಅಥವಾ ಉರಿಯುತ್ತಿದೆ. ಮಟ್ಟ ಏರಿದ್ದು ಡೀಸೆಲ್ ವಾಸನೆಯಿದ್ದರೆ ಇಂಧನ ಎಣ್ಣೆಗೆ ಸೇರುತ್ತಿದೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ. ಬೆರಳಿಗೆ ಮರಳು ಮರಳಾಗಿ ಸಿಕ್ಕರೆ ಧೂಳು ಸೇರಿದೆ. ಇವುಗಳಲ್ಲಿ ಯಾವುದಾದರೂ ಕಂಡರೆ ಎಂಜಿನ್ನನ್ನು ಹಚ್ಚದೆ ತಿಳಿದವರಿಗೆ ತೋರಿಸಿ. ಎಣ್ಣೆಯ ಒತ್ತಡದ ಕೆಂಪು ದೀಪ ಉರಿದರೆ ಸಾಲಿನ ಕೊನೆ ಮುಟ್ಟಿಸುವ ಆಸೆ ಬೇಡ, ಅಲ್ಲಿಯೇ ನಿಲ್ಲಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದರಿಂದ ಫಲವಿಲ್ಲ.

ಯಂತ್ರಗಳ ಪಾಲನೆಯನ್ನು ಕ್ರಮವಾಗಿ ಕಲಿಯಬೇಕೆನ್ನುವ ಯುವಕರಿಗೆ ಗಡಿಯಾಚೆ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ರಾಯದುರ್ಗದ ಗಡಿಯಲ್ಲಿರುವ ಮೊಳಕಾಲ್ಮೂರಿನವರು ಇದರ ಪ್ರಯೋಜನ ಪಡೆಯಬಹುದು.

ಬಸಿದ ಎಣ್ಣೆ

ಬಸಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ವಿಷಕಾರಿ ವಸ್ತುಗಳೂ ಇರುತ್ತವೆ. ಅದನ್ನು ದನಗಳ ಹುಣ್ಣಿಗೆ, ಉಣ್ಣೆಗೆ ಹಚ್ಚಬಾರದು. ಹೊಲದ ಬದುವಿಗೆ, ಕೊಳವೆ ಬಾವಿಯ ಬಳಿ ಸುರಿಯಬಾರದು. ನೀರಿಗಾಗಿ ನೂರಾರು ಅಡಿ ಕೊರೆಯುವ ಸೀಮೆಯಲ್ಲಿ ನೆಲದ ನೀರನ್ನು ಕೆಡಿಸಿಕೊಳ್ಳುವುದು ಎಂಜಿನ್ನು ಕೆಡಿಸಿಕೊಳ್ಳುವುದಕ್ಕಿಂತ ದೊಡ್ಡ ನಷ್ಟ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಇದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಅಧಿಕೃತವಾಗಿ ಸಂಗ್ರಹಿಸುವವರಿಗೆ ಕೊಡುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ.

ನೆನಪಿಡಬೇಕಾದ ಅಂಶಗಳು

1. ಮಂದತನದ ಅಂಕಿ, ಗುಣಮಟ್ಟದ ಅಕ್ಷರ ಎರಡೂ ಕೈಪಿಡಿಗೆ ಹೊಂದಬೇಕು.
2. ಹೊಂದುವ ಎಣ್ಣೆಗಳಲ್ಲಿ ಬೆಲೆ ಕಡಿಮೆಯದನ್ನು ಮುಚ್ಚಿದ ಡಬ್ಬಿಯಲ್ಲಿ, ಬಿಲ್ಲಿನೊಡನೆ ಕೊಳ್ಳಿ.
3. ಖರ್ಚನ್ನು ಗಂಟೆಗೆ ಲೆಕ್ಕ ಹಾಕಿ; ಲೀಟರಿಗೆ ಅಲ್ಲ.
4. ಗಾಳಿ ಶೋಧಕವನ್ನು ಧೂಳಿನ ದಿನಗಳಲ್ಲಿ ಪ್ರತಿದಿನ ನೋಡಿ.
5. ಅವಧಿ ಮೀರಿಸಬೇಡಿ, ಬಿತ್ತನೆಗೆ ಮುಂಚೆ ಎಣ್ಣೆ, ಶೋಧಕ ಎರಡನ್ನೂ ಬದಲಿಸಿ.

ಬೀಜ, ಗೊಬ್ಬರಗಳನ್ನು ಮಳೆಗೆ ಮೊದಲೇ ಮನೆಗೆ ತಂದಿಟ್ಟುಕೊಳ್ಳುವ ನೀವು ಆ ಪಟ್ಟಿಗೆ ಒಂದು ಡಬ್ಬಿ ಸರಿಯಾದ ಎಂಜಿನ್ ಎಣ್ಣೆಯನ್ನೂ ಸೇರಿಸಿಕೊಳ್ಳಿ. ಮಳೆ ಬಂದ ಮರುದಿನ ಟ್ರ್ಯಾಕ್ಟರು ಹೊಲದಲ್ಲಿರಲಿ, ರಿಪೇರಿ ಅಂಗಡಿಯಲ್ಲಿ ಅಲ್ಲ.